ಹಂದಿಮರಿ ಕಲಿಸಿದ ಇಂಗ್ಲಿಷ್

ಇಂಗ್ಲೆಂಡಿನ ಉತ್ತರ ಭಾಗದ ಆಸ್ಪತ್ರೆಯೊಂದರ ಮಕ್ಕಳ ವಿಭಾಗದಲ್ಲಿ ನಾನು ಕೆಲಸಕ್ಕೆ ಸೇರಿದ ಮೊದಲ ವಾರ. ನಾಲ್ಕು ವರ್ಷದ ಮಗುವನ್ನು ಕರೆತಂದಿದ್ದ ತಾಯಿಯೊಬ್ಬರು, ‘ಮಗು ನಿನ್ನೆಯಿಂದ ಪೂರ್ಲಿ, ಟೀ ಮುಟ್ಟಿಯೇ ಇಲ್ಲ’ ಎಂದರು. ‘ಇಷ್ಟು ಚಿಕ್ಕ ಮಗುವಿಗೆ ಟೀ ಒಳ್ಳೆಯದಲ್ಲ, ಹಾಲು ಕೊಡಿ’ ಎಂದು ನಾನು ಗಂಭೀರವಾಗಿ ಉಪದೇಶಿಸಿದೆ. ಆಕೆ ನನ್ನ ಮುಖವನ್ನೂ ನರ್ಸಿನ ಮುಖವನ್ನೂ ಸರದಿಯಂತೆ ನೋಡಿದರು. ಆ ಸೀಮೆಯಲ್ಲಿ ‘ಟೀ’ ಎಂದರೆ ಸಂಜೆಯ ಊಟ, ‘ಪೂರ್ಲಿ’ ಎಂದರೆ ಮೈಯಲ್ಲಿ ಹುಷಾರಿಲ್ಲದಿರುವುದು ಎಂಬುದನ್ನು ನರ್ಸ್ ಆಮೇಲೆ ಮೆಲುದನಿಯಲ್ಲಿ ತಿಳಿಸಿದರು. ಮರುವಾರ ಮೊಣಕಾಲು ತರಚಿಕೊಂಡ ಹುಡುಗನೊಬ್ಬನ ತಾಯಿ ‘ಒಂದು ಪ್ಲಾಸ್ಟರ್ ಹಾಕುವಿರಾ?’ ಎಂದು ಕೇಳಿದಾಗ, ‘ಮೂಳೆ ಮುರಿದಿಲ್ಲವಲ್ಲ’ ಎಂದೆ. ಆಕೆ ಕೇಳಿದ್ದು ನಮ್ಮಲ್ಲಿ ಬ್ಯಾಂಡ್‌ಏಡ್ ಎಂದು ಕರೆಯುವ ಅಂಟುಪಟ್ಟಿಯನ್ನು.

ತೀರ್ಥಹಳ್ಳಿಯ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತವನು ನಾನು. ಎಂಬಿಬಿಎಸ್, ಎಂ.ಡಿ.ಗಳನ್ನು ಇಂಗ್ಲಿಷಿನಲ್ಲಿಯೇ ಓದಿ, ಇಲ್ಲಿ ವೃತ್ತಿ ಮಾಡಲು ಬೇಕಾದ ಪ್ಲಾಬ್ ಪರೀಕ್ಷೆಯನ್ನೂ ದಾಟಿ ಬಂದಿದ್ದೆ. ಮಾರುದ್ದದ ರೋಗನಾಮಗಳು ನಾಲಿಗೆಯ ತುದಿಯಲ್ಲಿದ್ದವು. ಆದರೆ ಅಡುಗೆಮನೆಯ, ಬಚ್ಚಲುಮನೆಯ, ಅಂಗಳದ ಇಂಗ್ಲಿಷ್ ನನಗೆ ಬರುತ್ತಿರಲಿಲ್ಲ. ಗ್ರಂಥಗಳಲ್ಲಿ ‘ಅಬ್ಡೊಮೆನ್’ ಇತ್ತು, ಮಕ್ಕಳಿಗಿದ್ದುದು ‘ಟಮಿ’.

ಆ ಇಂಗ್ಲಿಷನ್ನು ನನಗೆ ಕಲಿಸಿದ್ದು ಒಂದು ಹಂದಿಮರಿ. 2004ರ ಮೇ ತಿಂಗಳ ಕೊನೆಯಲ್ಲಿ ‘ಪೆಪ್ಪಾ ಪಿಗ್’ ಎಂಬ ಕಾರ್ಟೂನ್ ಇಲ್ಲಿನ ಟಿ.ವಿ.ಯಲ್ಲಿ ಆರಂಭವಾಯಿತು. ಅಪ್ಪ, ಅಮ್ಮ, ಪೆಪ್ಪಾ ಮತ್ತು ಅವಳ ತಮ್ಮ ಜಾರ್ಜ್ ಇರುವ ಹಂದಿಗಳ ಸಂಸಾರ. ಒಂದೊಂದು ಕಥೆ ಐದು ನಿಮಿಷದ್ದು. ಒಂದು ದಿನ ಬಿಕ್ಕಳಿಕೆ, ಮತ್ತೊಂದು ದಿನ ಅಜ್ಜನ ತೋಟ, ಮಳೆ ಬಂದರೆ ಬೂಟು ಹಾಕಿಕೊಂಡು ಕೆಸರುನೀರಿನಲ್ಲಿ ಕುಪ್ಪಳಿಸಾಟ. ಅಪ್ಪನ ದೊಡ್ಡ ಹೊಟ್ಟೆಯೇ ಅಲ್ಲಿ ಆಗಾಗ ಹಾಸ್ಯದ ವಸ್ತು. ಕಥೆ ಮುಗಿಯುವಾಗ ಎಲ್ಲರೂ ನೆಲಕ್ಕೆ ಬಿದ್ದು ನಗುತ್ತಾರೆ. ಆಗ ನಾಲ್ಕು ವರ್ಷದವಳಾಗಿದ್ದ ನನ್ನ ಮಗಳೂ ಚಾಪೆಯ ಮೇಲೆ ಬಿದ್ದು ನಗುತ್ತಿದ್ದಳು. ಅವಳ ಪಕ್ಕದಲ್ಲಿ ಕುಳಿತ ನಾನು ಕಿರುಪುಸ್ತಕವೊಂದರಲ್ಲಿ ಪದಗಳನ್ನು ಬರೆದುಕೊಳ್ಳತೊಡಗಿದೆ.

ನಿಘಂಟು ಕಲಿಸದಿದ್ದುದನ್ನು ಕಾರ್ಟೂನ್ ಕಲಿಸಿದ್ದೇಕೆ? ಅಲ್ಲಿ ‘ಪಡಲ್’ ಎಂಬ ಮಾತು ಕಿವಿಗೆ ಬೀಳುವಾಗಲೇ ಕೆಸರುಗುಂಡಿ ಕಣ್ಣಿಗೆ ಕಾಣುತ್ತದೆ. ಮರುಕ್ಷಣ ಯಾರೋ ಅದರೊಳಗೆ ಹಾರಿರುತ್ತಾರೆ. ಪದ, ಚಿತ್ರ, ಕ್ರಿಯೆ ಮೂರೂ ಒಟ್ಟಿಗೆ ಮನಸ್ಸಿನಲ್ಲಿ ಕೂರುತ್ತವೆ. ವಾಕ್ಯಗಳು ಚಿಕ್ಕವು, ಉಚ್ಚಾರ ನಿಧಾನ, ಒಂದೇ ಮಾತು ಮತ್ತೆ ಮತ್ತೆ ಬರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ನಗುವವನಿಗೆ ತಪ್ಪಾಡುವ ಭಯವಿರುವುದಿಲ್ಲ.

ಎರಡು ವರ್ಷಗಳ ತರುವಾಯ ನನ್ನ ತಾಯಿ ಆರು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಬಂದರು. ಏಳನೆಯ ತರಗತಿಗೆ ಶಾಲೆ ಬಿಟ್ಟವರು, ಇಂಗ್ಲಿಷಿನ ಗಂಧವಿಲ್ಲ. ‘ಎಂತದೋ ಇದು, ಬೆಳಗಾಗೆದ್ದು ಹಂದಿ ಮುಖ ನೋಡೋದಾ?’ ಎಂದು ಮೊದಲು ಮೂಗು ಮುರಿದರು. ವಾರ ಕಳೆಯುವಷ್ಟರಲ್ಲಿ ಮೊಮ್ಮಗಳಿಗಿಂತ ಮೊದಲೇ ಸೋಫಾದಲ್ಲಿ ಕುಳಿತಿರುತ್ತಿದ್ದರು. ಮಗಳು ಇಂಗ್ಲಿಷ್ ಪದವನ್ನು ಹೇಳಿಕೊಡುವಳು, ಅಜ್ಜಿ ಅದಕ್ಕೆ ಕನ್ನಡದ ಪದವನ್ನು ಜೋಡಿಸುವರು. ಕಥೆ ಮುಗಿದ ಮೇಲೆ ಇಬ್ಬರೂ ‘ಜಂಪ್, ಜಂಪ್’ ಎನ್ನುತ್ತ ಚಾಪೆಯ ಮೇಲೆ ಕುಪ್ಪಳಿಸುವರು. ಮನೆಯಲ್ಲಿಯೂ ಇಂಗ್ಲಿಷಿನಲ್ಲಿಯೇ ಉತ್ತರಿಸುವ ಅಭ್ಯಾಸಕ್ಕೆ ಬಿದ್ದಿದ್ದ ಮಗಳು ಆ ಆರು ತಿಂಗಳಲ್ಲಿ ಪುನಃ ಕನ್ನಡ ಮಾತನಾಡಿದಳು.

ಆ ಚಳಿಗಾಲದ ಒಂದು ಬೆಳಿಗ್ಗೆ ಮಗಳು ಹೊಕ್ಕುಳ ಸುತ್ತ ನೋವೆಂದಳು. ಹೊಟ್ಟೆಯನ್ನು ಮುಟ್ಟಿ ನೋಡಿ, ಇದು ಸಾಮಾನ್ಯ ಹೊಟ್ಟೆನೋವೆಂದು ತೀರ್ಮಾನಿಸಿ, ಪ್ಯಾರಾಸಿಟಮಾಲ್ ಕೊಟ್ಟು ನಾನು ಆಸ್ಪತ್ರೆಗೆ ಹೊರಟೆ. ಪತ್ನಿಯೂ ಕೆಲಸಕ್ಕೆ ಹೋದಳು. ಮಧ್ಯಾಹ್ನದ ಹೊತ್ತಿಗೆ ನೋವು ಬಲಗಡೆಗೆ, ಕೆಳಕ್ಕೆ ಇಳಿದಿತ್ತು. ಅಮ್ಮ ಪೆಪ್ಪಾಳನ್ನು ಹಾಕಿದರೂ ಮಗು ನಗಲಿಲ್ಲ. ‘ಏಳು ಪುಟ್ಟಿ, ಜಂಪ್ ಮಾಡುವ’ ಎಂದು ಕರೆದರೆ, ಒಮ್ಮೆ ಹಾರಿ ಹೊಟ್ಟೆ ಹಿಡಿದುಕೊಂಡು ಕುಸಿದು ಕುಳಿತಳು. ಅಮ್ಮ ನನಗೆ ಫೋನು ಮಾಡಿದರು. ವಾರ್ಡಿನಲ್ಲಿದ್ದ ನಾನು ಎತ್ತಲಿಲ್ಲ. ಆಗ ಅವರು ಶಾಲು ಹೊದ್ದು ಪಕ್ಕದ ಮನೆಯ ವೃದ್ಧೆಯ ಬಾಗಿಲು ತಟ್ಟಿ ಹೇಳಿದ್ದು ಇಷ್ಟೇ: ‘ಬೇಬಿ ಟಮಿ ಹರ್ಟ್. ನೋ ಜಂಪ್. ಪ್ಲೀಸ್ ಕಮ್.’

ಆ ಹಿರಿಯ ಹೆಂಗಸು ತಮ್ಮ ಕಾರಿನಲ್ಲಿಯೇ ಇಬ್ಬರನ್ನೂ ಆಸ್ಪತ್ರೆಗೆ ಕರೆತಂದರು. ಅಪೆಂಡಿಕ್ಸ್ ಬಾತಿತ್ತು, ಅದೃಷ್ಟವಶಾತ್ ಒಡೆದಿರಲಿಲ್ಲ. ಅಂದು ರಾತ್ರಿಯೇ ಶಸ್ತ್ರಚಿಕಿತ್ಸೆಯಾಯಿತು. ಅಪೆಂಡಿಕ್ಸಿನ ಸಂಶಯವಿರುವ ಮಗುವನ್ನು ಒಮ್ಮೆ ಕುಪ್ಪಳಿಸಲು ಹೇಳಿ ನೋಡುವುದು ಮಕ್ಕಳ ವೈದ್ಯರು ಬಳಸುವ ಒಂದು ಸರಳ ಪರೀಕ್ಷೆ. ಎಂ.ಡಿ. ಓದಿದ ನಾನು ಬೆಳಿಗ್ಗೆ ಮಾಡದಿದ್ದ ಆ ಪರೀಕ್ಷೆಯನ್ನು ಅಮ್ಮ ಅರಿಯದೆಯೇ ಮಾಡಿದ್ದರು. ಅದರ ಫಲಿತಾಂಶವನ್ನು ಇಂಗ್ಲಿಷಿನಲ್ಲಿ ವರದಿಯನ್ನೂ ಮಾಡಿದ್ದರು. ಈಗಲೂ ಆ ದಿನದ ನೆನಪಾದರೆ ನನಗೆ ನಾಚಿಕೆಯೂ ಕೃತಜ್ಞತೆಯೂ ಒಟ್ಟಿಗೆ ಉಂಟಾಗುತ್ತವೆ.

ಹಾಗೆಂದು ಮಗುವಿನ ಕೈಗೆ ಮೊಬೈಲ್ ಕೊಟ್ಟರೆ ಭಾಷೆ ಬಂದೀತೆಂದು ಯಾರೂ ಭಾವಿಸಬಾರದು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕುಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳ ಒಂದು ಗುಂಪಿನೊಡನೆ ಚೀನಿ ಭಾಷಿಕರು ಎದುರು ಕುಳಿತು ಆಡಿ ಮಾತನಾಡಿದರು. ಇನ್ನೊಂದು ಗುಂಪಿಗೆ ಅಂಥದೇ ಮಾತನ್ನು ವಿಡಿಯೊದಲ್ಲಿ ತೋರಿಸಲಾಯಿತು. ಮೊದಲ ಗುಂಪಿನ ಶಿಶುಗಳು ಚೀನಿ ಭಾಷೆಯ ಧ್ವನಿಭೇದಗಳನ್ನು ಗುರುತಿಸಲು ಕಲಿತವು; ವಿಡಿಯೊ ನೋಡಿದವು ಕಲಿಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ನೀಡಿದ ಮಾರ್ಗಸೂಚಿಯ ಪ್ರಕಾರ ಎರಡು ವರ್ಷ ತುಂಬದ ಕೂಸುಗಳಿಗೆ ಪರದೆ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ನಮ್ಮ ಮನೆಯಲ್ಲಿ ಪೆಪ್ಪಾ ಪಾಠವಾದದ್ದು ಪಕ್ಕದಲ್ಲಿ ಅಜ್ಜಿ ಇದ್ದುದರಿಂದ.

ಹೊರದೇಶಕ್ಕೆ ಹೊರಡಲು ಸಿದ್ಧರಾಗುತ್ತಿರುವ ತರುಣ ವೈದ್ಯರಿಗೂ ನರ್ಸ್‌ಗಳಿಗೂ, ಮಕ್ಕಳ ಮನೆಗೆ ಹೊರಟ ಹಿರಿಯರಿಗೂ ನನ್ನದೊಂದು ಸಲಹೆ. ಬ್ರಿಟನ್ನಿಗೆ ಬರುವವರು ಪೆಪ್ಪಾಳನ್ನು ನೋಡಿ. ಆಸ್ಟ್ರೇಲಿಯಾಕ್ಕೆ ಹೋಗುವವರು ಅಲ್ಲಿನವರೇ 2018ರಿಂದ ತೋರಿಸುತ್ತಿರುವ ‘ಬ್ಲೂಯಿ’ ಎಂಬ ನಾಯಿಮರಿಯ ಕಥೆಗಳನ್ನು ನೋಡಿ. ಒಂದೇ ಕಥೆಯನ್ನು ಮೂರು ಬಾರಿ ನೋಡಬೇಕು: ಮೊದಲು ಸುಮ್ಮನೆ ನಗಲು, ಆಮೇಲೆ ಇಂಗ್ಲಿಷ್ ಅಡಿಬರಹದೊಡನೆ, ಕೊನೆಗೆ ಅಲ್ಲಲ್ಲಿ ನಿಲ್ಲಿಸಿ ಗಟ್ಟಿಯಾಗಿ ಅನುಕರಿಸುತ್ತ. ಬಿಡಿ ಪದವನ್ನು ಬರೆದುಕೊಳ್ಳದೆ ಇಡೀ ವಾಕ್ಯವನ್ನು ಬರೆದುಕೊಳ್ಳಿ. ‘ಶಾನ್ ದ ಶೀಪ್’ ಎಂಬ ಕುರಿಯ ಕಥೆಯಲ್ಲಿ ಸಂಭಾಷಣೆಯೇ ಇಲ್ಲ. ಅದಕ್ಕೆ ನೀವೇ ಇಂಗ್ಲಿಷಿನಲ್ಲಿ ವಿವರಣೆ ಕೊಡುತ್ತ ಹೋದರೆ ಅದಕ್ಕಿಂತ ಒಳ್ಳೆಯ ಅಭ್ಯಾಸ ಬೇರೊಂದಿಲ್ಲ. ಇದಾವುದೂ ಪರೀಕ್ಷೆಯ ಇಂಗ್ಲಿಷಿಗೆ ಬದಲಿಯಲ್ಲ. ಪರೀಕ್ಷೆಯ ಇಂಗ್ಲಿಷ್ ನಿಮಗೆ ವೀಸಾ ಕೊಡಿಸೀತು. ಪಕ್ಕದ ಮನೆಯ ಬಾಗಿಲು ತೆರೆಸುವುದು ಮನೆಯ ಇಂಗ್ಲಿಷ್.

ಅಮ್ಮನಿಗೆ ಈಗ ಎಂಬತ್ತು ದಾಟಿದೆ. ಮಗಳು ಓದು ಮುಗಿಸಿ ಬೇರೆ ಊರಿನಲ್ಲಿದ್ದಾಳೆ. ಪ್ರತಿ ಭಾನುವಾರ ತೀರ್ಥಹಳ್ಳಿಗೆ ಫೋನು ಮಾಡಿ ‘ಹೇಗಿದ್ದೀಯಮ್ಮಾ?’ ಎಂದು ಕೇಳುತ್ತೇನೆ. ‘ಟಮಿ ಎಲ್ಲ ಸರಿ ಉಂಟು ಮಾರಾಯ. ಮಂಡಿ ನೋವು. ನೋ ಜಂಪ್’ ಎನ್ನುತ್ತಾರೆ.