ಬಾಡಿಗೆ ಕಾರಿನ ಕಂಪೆನಿಯಲ್ಲಿ ಮೊದಲ ಕೆಲಸ

ಬೇಸಗೆಯ ಒಂದು ಸಂಜೆ ನಾವು ಶಾಲೆಗೆ ಬೀಗ ಹಾಕಿ ಹೊರಡುವ ಹೊತ್ತಿಗೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಬಂದು ಜಗುಲಿಯ ಮೇಲೆ ಕುಳಿತರು. ಶೇಂಗಾ ಬೆಳೆಯುವ ರೈತರು, ಮಾತು ಕಡಿಮೆ. ಬಹಳ ಹೊತ್ತು ಸುಮ್ಮನಿದ್ದು ಕೊನೆಗೆ, "ಅಯ್ಯವಾರೇ, ಹುಡುಗ ಬಿ.ಕಾಂ. ಪಾಸು ಮಾಡಿದ್ದು ಕಂಡೋರ ಕಾರು ತೊಳೆಯೋಕೇನು? ಬೀಗರು ಕೇಳಿದರೆ ಏನಂತ ಹೇಳಲಿ?" ಎಂದರು.

ಅವರ ಮಗ ಬೆಂಗಳೂರಿನ ವಿಮಾನ ನಿಲ್ದಾಣದ ಬಳಿ, ಕಾರುಗಳನ್ನು ಬಾಡಿಗೆಗೆ ಕೊಡುವ ಒಂದು ಕಂಪೆನಿಗೆ ಸೇರಿ ಆಗ ಎರಡು ತಿಂಗಳಾಗಿತ್ತು. ಊರಿನವರೊಬ್ಬರು ಅವನನ್ನು ನೀರಿನ ಪೈಪು, ಬಟ್ಟೆ ಹಿಡಿದ ವೇಷದಲ್ಲಿ ಕಂಡು ಬಂದು ಸುದ್ದಿ ಮುಟ್ಟಿಸಿದ್ದರು. ತಂದೆಯ ಪ್ರಶ್ನೆಗೆ ಆ ಸಂಜೆ ನಮ್ಮಿಂದ ಸರಿಯಾದ ಉತ್ತರ ಬರಲಿಲ್ಲ. ಬರದಿರುವುದಕ್ಕೆ ಕಾರಣವೂ ಇತ್ತು. ಪದವಿ ಮುಗಿಸಿದ ಹೊಸದರಲ್ಲಿ ಅದೇ ಹುಡುಗ ನಮ್ಮಲ್ಲಿಗೆ ಬಂದು ಸಲಹೆ ಕೇಳಿದಾಗ, "ಇಂಥ ಕೆಲಸಕ್ಕೆಲ್ಲ ಹೋಗಬೇಡ, ಸರಕಾರಿ ಪರೀಕ್ಷೆ ಬರೆಯುತ್ತಿರು" ಎಂದು ಹೇಳಿ ಕಳುಹಿಸಿದವರು ನಾವೇ. ಆ ಮಾತನ್ನು ನಂಬಿ ಅವನು ಎರಡು ವರ್ಷ ಕಳೆದುಕೊಂಡ. ಆದುದರಿಂದ ಈ ಲೇಖನವು ಅರ್ಧ ಉತ್ತರ, ಅರ್ಧ ತಪ್ಪೊಪ್ಪಿಗೆ ಎಂದು ಓದುಗ ಬಾಂಧವರು ಭಾವಿಸಬೇಕು.

ನಮ್ಮ ಸೀಮೆಯ ಸ್ಥಿತಿ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ರಾಯದುರ್ಗ, ಆದೋನಿ, ಆಲೂರು ತಾಲೂಕುಗಳು ಆಂಧ್ರದಲ್ಲಿಯೇ ಉಳಿದವು. ಅಂದಿನಿಂದ ಈ ಭಾಗದ ಕನ್ನಡ ಮನೆಗಳಲ್ಲಿ ಒಲೆಯ ಮುಂದೆ ಒಂದು ಭಾಷೆ, ಕಚೇರಿಯ ಮುಂದೆ ಇನ್ನೊಂದು. ಬೆಳುಗುಪ್ಪದ ಸುತ್ತಿನ ಕೆಂಪು ನೆಲ ಮಳೆಯನ್ನು ನಂಬಿದ್ದು. ಅನಂತಪುರ ಜಿಲ್ಲೆಯ ಮಳೆ ಎಷ್ಟೆಂಬುದನ್ನು ನಮ್ಮವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಶೇಂಗಾ ಕೈಕೊಟ್ಟ ವರ್ಷ ಕೆಲವರು ರಾಯದುರ್ಗದ, ಬಳ್ಳಾರಿಯ ಜೀನ್ಸ್ ಹೊಲಿಗೆಗೆ ಹೋಗುತ್ತಾರೆ. ಮಿಕ್ಕವರು ಬೆಂಗಳೂರಿನ ಬಸ್ಸು ಹತ್ತುತ್ತಾರೆ.

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಹೊಸ ವಿಮಾನ ನಿಲ್ದಾಣ ತೆರೆದ ಮೇಲೆ ಅದರ ಸುತ್ತ ಬಗೆಬಗೆಯ ಕೆಲಸಗಳು ಹುಟ್ಟಿದವು. ಅನಂತಪುರದಿಂದ ಪೆನುಕೊಂಡದ ಮೇಲೆ ಹೋಗುವ ಹೆದ್ದಾರಿಯಲ್ಲಿ ಆ ನಿಲ್ದಾಣ ನಗರಕ್ಕಿಂತ ಮೊದಲೇ ಸಿಕ್ಕುತ್ತದೆ. ಬಾಡಿಗೆ ಕಾರಿನ ಉದ್ಯೋಗವು ಅಂಥ ಕೆಲಸಗಳಲ್ಲಿ ಒಂದು. ಚಾಲಕನಿಲ್ಲದೆ, ಗಿರಾಕಿಯೇ ನಡೆಸಿಕೊಂಡು ಹೋಗುವಂತೆ ಗಂಟೆಯ ಲೆಕ್ಕಕ್ಕೋ ದಿನದ ಲೆಕ್ಕಕ್ಕೋ ಕಾರನ್ನು ಕೊಡುವ ವ್ಯವಹಾರವಿದು. 2012ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಜೂಮ್‌ಕಾರ್‌ನಂಥ ಕಂಪೆನಿಗಳಿಂದ ಈ ಪದ್ಧತಿ ನಮ್ಮ ಕಡೆಯ ಯುವಕರಿಗೂ ಪರಿಚಿತವಾಯಿತು.

ತೊಳೆಯುವುದರಿಂದಲೇ ಆರಂಭ

ಈ ವ್ಯವಹಾರದ ಚರಿತ್ರೆಯನ್ನು ನೋಡಿದರೆ ಅದು ಬಟ್ಟೆ ಹಿಡಿದ ಕೈಗಳಿಂದಲೇ ಬೆಳೆದದ್ದೆಂದು ತಿಳಿಯುತ್ತದೆ. 1918ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ವಾಲ್ಟರ್ ಜೇಕಬ್ಸ್ ಎಂಬ 22 ವರ್ಷದ ಯುವಕ ಹನ್ನೆರಡು ಫೋರ್ಡ್ ಮಾಡೆಲ್ ಟಿ ಕಾರುಗಳನ್ನು ತಾನೇ ರಿಪೇರಿ ಮಾಡಿ, ಬಣ್ಣ ಬಳಿದು ಬಾಡಿಗೆಗೆ ಬಿಟ್ಟ. 1923ರಲ್ಲಿ ಅದನ್ನು ಜಾನ್ ಹರ್ಟ್ಸ್ ಕೊಂಡುಕೊಂಡ. ಇಂದು ಲೋಕವೆಲ್ಲ ಬಲ್ಲ ಹರ್ಟ್ಸ್ ಕಂಪೆನಿಯ ಮೂಲ ಅದೇ. 1957ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಜ್ಯಾಕ್ ಟೇಲರ್ ಎಂಬವರು ಏಳೇ ಕಾರುಗಳಿಂದ ಒಂದು ವ್ಯವಹಾರ ಆರಂಭಿಸಿದರು. ಎರಡನೆಯ ಮಹಾಯುದ್ಧದಲ್ಲಿ ತಾವು ವಿಮಾನ ಹಾರಿಸಿದ್ದ ಯುದ್ಧನೌಕೆಯ ಹೆಸರನ್ನು 1969ರಲ್ಲಿ ಅದಕ್ಕೆ ಇಟ್ಟರು. ಅದೇ ಎಂಟರ್‌ಪ್ರೈಸ್.

ಆ ಕಂಪೆನಿಯ ಒಂದು ಪದ್ಧತಿ ನಮ್ಮ ಗಮನಕ್ಕೆ ಅರ್ಹವಾಗಿದೆ. ಪದವೀಧರರನ್ನು ತರಬೇತಿಯವರೆಂದು ಸೇರಿಸಿಕೊಂಡು ಮೊದಲು ಶಾಖೆಯಲ್ಲಿ ನಿಲ್ಲಿಸುತ್ತಾರೆ. ಗಿರಾಕಿಯನ್ನು ಕರೆತರುವುದು, ಫೋನಿಗೆ ಉತ್ತರಿಸುವುದು, ಪತ್ರ ತುಂಬುವುದು, ಬೇಕಾದಾಗ ಕಾರು ತೊಳೆಯುವುದು, ಎಲ್ಲವೂ ಅವರ ಪಾಲಿಗೆ ಬರುತ್ತವೆ. 1981ರಲ್ಲಿ ಹೀಗೆ ತರಬೇತಿಗೆ ಸೇರಿದ ಪ್ಯಾಮ್ ನಿಕಲ್ಸನ್ ಎಂಬ ಮಹಿಳೆ 2013ರಲ್ಲಿ ಆ ಕಂಪೆನಿಯ ಮುಖ್ಯಾಧಿಕಾರಿಯಾದರು. ಎಲ್ಲರೂ ಹಾಗೆ ಏರುತ್ತಾರೆಂದು ಹೇಳಿ ಮಕ್ಕಳ ಕಣ್ಣಿಗೆ ಮಣ್ಣೆರಚುವುದು ನಮ್ಮ ಉದ್ದೇಶವಲ್ಲ. ಕಾರು ತೊಳೆಯುವುದನ್ನು ಆ ದೇಶದಲ್ಲಿ ಪದವಿಗೆ ಅವಮಾನವೆಂದು ಭಾವಿಸಲಿಲ್ಲ, ಕೆಲಸದ ಮೊದಲ ಪಾಠವೆಂದು ಭಾವಿಸಿದರು ಎಂಬಷ್ಟನ್ನು ಮಾತ್ರ ಹೇಳುತ್ತಿದ್ದೇವೆ.

ನಾವು ಕಣ್ಣಾರೆ ಕಂಡದ್ದು

ತಂದೆಯ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಕೆಲವು ವಾರಗಳ ಮೇಲೆ ನೆಂಟರ ಮದುವೆಗೆಂದು ಬೆಂಗಳೂರಿಗೆ ಹೋದಾಗ ದಾರಿಯಲ್ಲಿ ಇಳಿದು ಆ ಹುಡುಗನ ಶಾಖೆಯಲ್ಲಿ ಒಂದು ಸಂಜೆ ಕುಳಿತೆವು. ನಮ್ಮನ್ನು ಕಂಡು ಅವನು ಕೈಯಲ್ಲಿದ್ದ ಬಟ್ಟೆಯನ್ನು ಬೆನ್ನ ಹಿಂದೆ ಅಡಗಿಸಿದ. ಅದನ್ನು ನೋಡಿ ನಮಗೆ ನಾಚಿಕೆಯಾಯಿತು. ಅಡಗಿಸಲು ಕಲಿಸಿದವರು ನಾವಲ್ಲವೆ!

ಆವರಣದಲ್ಲಿ ಸಾಲಾಗಿ ನಿಂತ ಕಾರುಗಳಿಗೆಲ್ಲ ಕಪ್ಪು ಫಲಕ, ಅದರ ಮೇಲೆ ಹಳದಿ ಅಕ್ಷರ. ಸ್ವಂತ ಕಾರಿಗೆ ಬಿಳಿ ಫಲಕ, ಟ್ಯಾಕ್ಸಿಗೆ ಹಳದಿ ಫಲಕ, ಗಿರಾಕಿಯೇ ನಡೆಸುವ ಬಾಡಿಗೆ ಕಾರಿಗೆ ಈ ಕಪ್ಪು ಫಲಕ ಎಂದು ಹುಡುಗನೇ ನಮಗೆ ಪಾಠ ಹೇಳಿದ. 1988ರ ಮೋಟಾರು ವಾಹನ ಕಾಯಿದೆಯ ಆಧಾರದ ಮೇಲೆ 1989ರಲ್ಲಿ ಕೇಂದ್ರ ಸರಕಾರ ಮಾಡಿದ ಯೋಜನೆಯೊಂದಿದೆ. ಅದರಂತೆ ಪರವಾನಗಿ ಬೇಕಾದರೆ ಕಡಿಮೆಯೆಂದರೆ 50 ಕಾರುಗಳಿರಬೇಕು. ಅವುಗಳನ್ನು ನಿಲ್ಲಿಸುವ, ದುರಸ್ತಿ ಮಾಡುವ ಅನುಕೂಲವಿರಬೇಕು. ಹಗಲಿರುಳೂ ಉತ್ತರಿಸುವ ದೂರವಾಣಿ ಇರಬೇಕು. ರಾತ್ರಿ ಪಾಳಿ ಈ ಕೆಲಸಕ್ಕೆ ಅಂಟಿಕೊಂಡೇ ಬರುವುದು ಇದರಿಂದಲೇ.

ಒಂದು ಕಾರು ಹಿಂದಿರುಗಿ ಬಂದರೆ ಅದನ್ನು ಮತ್ತೊಬ್ಬರಿಗೆ ಕೊಡುವವರೆಗೆ ಎಷ್ಟು ಕೆಲಸ! ಒಳಗಿನ ಧೂಳನ್ನು ವ್ಯಾಕ್ಯೂಮ್ ಯಂತ್ರದಿಂದ ತೆಗೆಯಬೇಕು. ಸೀಟಿನ ಸಂದಿಯಲ್ಲಿ ಗಿರಾಕಿ ಮರೆತ ವಸ್ತುವಿದ್ದರೆ ಬರೆದಿಟ್ಟು ಒಪ್ಪಿಸಬೇಕು. ಹೊರಗೆ ತೊಳೆದು ಒರೆಸಬೇಕು. ಓಡಿದ ಕಿಲೋಮೀಟರ್ ಎಷ್ಟು, ಇಂಧನದ ಮುಳ್ಳು ಎಲ್ಲಿದೆ, ಟೈರಿನ ಗಾಳಿ ಹೇಗಿದೆ, ಸ್ಟೆಪ್ನಿ, ಜಾಕಿ ಇವೆಯೇ, ವಿಮೆ ಮತ್ತು ಹೊಗೆ ತಪಾಸಣೆಯ ಪತ್ರಗಳ ಅವಧಿ ಉಳಿದಿದೆಯೇ, ಫಾಸ್ಟ್ಯಾಗ್‌ನಲ್ಲಿ ಹಣವಿದೆಯೇ ಎಂದು ನೋಡಬೇಕು. ಕೊನೆಗೆ ಕಾರಿನ ಚಿತ್ರ ಅಚ್ಚಾದ ಒಂದು ಹಾಳೆಯಲ್ಲಿ ಪ್ರತಿಯೊಂದು ಗೀರು, ಪ್ರತಿಯೊಂದು ತಗ್ಗನ್ನು ಗುರುತು ಮಾಡಿ, ಫೋಟೋ ತೆಗೆದು, ಗಿರಾಕಿಯ ಚಾಲನಾ ಪರವಾನಗಿ ಪರೀಕ್ಷಿಸಿ, ಇಬ್ಬರೂ ಸಹಿ ಹಾಕಬೇಕು. ಮೂವತ್ತು ವರ್ಷ ಹಾಜರಿ ಪುಸ್ತಕ ಬರೆದ ನಮಗೆ ಆ ಹಾಳೆಯ ಬೆಲೆ ಕೂಡಲೇ ಅರ್ಥವಾಯಿತು. ತೊಳೆಯುವವನಿಗೇ ಗೀರು ಕಾಣುವುದು. ಗೀರು ಕಂಡವನೇ ಹಾಳೆ ತುಂಬಬಲ್ಲ. ಹಾಳೆ ತುಂಬಬಲ್ಲವನು ನಾಳೆ ಕೌಂಟರಿನಲ್ಲಿ ಕುಳಿತುಕೊಳ್ಳಬಲ್ಲ.

ಇನ್ನೊಂದು ಸಂಗತಿ ನಮ್ಮ ಗಡಿನಾಡಿನ ಮಕ್ಕಳಿಗೆ ಸಂಬಂಧಿಸಿದ್ದು. ನಾವು ಕುಳಿತಿದ್ದಂತೆಯೇ ಫೋನು ಬಂತು. ಹೈದರಾಬಾದಿನ ಕುಟುಂಬವೊಂದು ಪೆನುಕೊಂಡದ ಹತ್ತಿರ ಟೈರು ಪಂಕ್ಚರಾಗಿ ಕತ್ತಲೆಯಲ್ಲಿ ನಿಂತಿತ್ತು. ಜೊತೆಗೆ ಎಳೆಯ ಮಗು. ಹುಡುಗ ಸ್ಪಷ್ಟವಾದ ತೆಲುಗಿನಲ್ಲಿ, ಕಾರನ್ನು ರಸ್ತೆಯಂಚಿಗೆ ತೆಗೆದು ದೀಪ ಮಿನುಗಿಸುವುದು ಹೇಗೆ, ಡಿಕ್ಕಿಯ ಚಾಪೆಯ ಕೆಳಗೆ ಜಾಕಿ ಎಲ್ಲಿದೆ ಎಂದು ಹೇಳಿಕೊಟ್ಟ. ಆಮೇಲೆ ಸಹಾಯಕ್ಕೆ ಹೊರಡುವ ಮೆಕ್ಯಾನಿಕ್ಕಿಗೆ ಕನ್ನಡದಲ್ಲಿ ಜಾಗ ತಿಳಿಸಿದ. ಮೇಲಿನವರಿಗೆ ಹಿಂದಿಯಲ್ಲಿ ವರದಿ ಮಾಡಿದ. ಶಾಖೆಯಲ್ಲಿ ಆ ಹೊತ್ತಿನಲ್ಲಿ ಆ ಕೆಲಸವನ್ನು ಮಾಡಬಲ್ಲವನು ಅವನೊಬ್ಬನೇ. ಎರಡು ಭಾಷೆಗಳ ನಡುವೆ ನಮ್ಮ ಮಕ್ಕಳು ನಲುಗುತ್ತಾರೆಂದು ನಾವು ಎಷ್ಟು ಸಭೆಗಳಲ್ಲಿ ಮರುಗಿದ್ದೇವೆ! ಆ ನಲುಗಾಟವೇ ಇಲ್ಲಿ ಅವನಿಗೆ ಆಸ್ತಿಯಾಗಿತ್ತು.

ನಾಲ್ಕು ಸಾವಿರದ ಗೀರು

ಆದರೆ ಎಲ್ಲವೂ ಸಿಹಿಯಲ್ಲ. ಅದೇ ರಾತ್ರಿ ಊಟ ಮಾಡುತ್ತ ಹುಡುಗ ತನ್ನ ಕಷ್ಟವನ್ನೂ ಹೇಳಿದ. ಎರಡನೆಯ ತಿಂಗಳ ಸಂಬಳದಲ್ಲಿ ನಾಲ್ಕು ಸಾವಿರ ರೂಪಾಯಿ ಕಡಿತವಾಗಿತ್ತು. ನಡುರಾತ್ರಿ ಬಂದ ಗಿರಾಕಿ ಅವಸರ ಮಾಡಿದನೆಂದು ಇವನು ಕಾರನ್ನು ಸುತ್ತಿ ನೋಡದೆ ಸಹಿ ಹಾಕಿದ್ದ. ಬೆಳಗ್ಗೆ ನೋಡಿದರೆ ಹಿಂದಿನ ಬಂಪರಿನ ಮೇಲೆ ಉದ್ದನೆಯ ಗೀರು. "ಸಹಿ ನಿನ್ನದೇ ಅಲ್ಲವೆ?" ಎಂದು ಕೇಳಿದರಂತೆ, ಇವನು ತಲೆ ತಗ್ಗಿಸಿ ಸುಮ್ಮನಾದ.

ಸುಮ್ಮನಾಗುವುದನ್ನು ಕಲಿಸಿದವರೂ ನಾವೇ. ರಜೆಯ ಅರ್ಜಿ ಬರೆಯಲು ಕಲಿಸಿದ್ದೇವೆ, ತಕರಾರಿನ ಅರ್ಜಿ ಬರೆಯಲು ಕಲಿಸಲಿಲ್ಲ. ಅಂದು ರಾತ್ರಿ ಅವನ ಕೋಣೆಯಲ್ಲಿಯೇ ಕುಳಿತು ಒಂದು ಪುಟದ ಅರ್ಜಿ ಬರೆಸಿದೆವು: ಆ ಕಾರಿನ ಹಿಂದಿನ ಬಾಡಿಗೆಗಳ ಫೋಟೋಗಳನ್ನು ನೋಡಬೇಕು, ತನ್ನ ಮಾತನ್ನೂ ಕೇಳಬೇಕು ಎಂದು. ನೋಡಿದಾಗ ಆ ಗೀರು ಮೂರು ವಾರ ಹಿಂದಿನ ಫೋಟೋದಲ್ಲಿಯೇ ಇತ್ತು. ಮುಂದಿನ ತಿಂಗಳು ಹಣ ಹಿಂದಿರುಗಿತು. ಅವನ ಜೊತೆಗಾರನೊಬ್ಬನಿಗೆ ಇಂಥದೇ ಕಡಿತವಾಗಿತ್ತು; ಅವನು ಕೇಳಲಿಲ್ಲ, ಹಣವೂ ಬರಲಿಲ್ಲ.

ಸೇರುವ ಮೊದಲು

ನಮ್ಮ ಮನೆಗಳ ಮಕ್ಕಳು ಇಂಥ ಕೆಲಸಕ್ಕೆ ಹೊರಟಾಗ ತಂದೆತಾಯಿಗಳು ಕೆಲವು ಮಾತುಗಳನ್ನು ಕೇಳಿ ತಿಳಿಯುವುದು ಒಳ್ಳೆಯದು.

ಮೊದಲನೆಯದು, ಆವರಣದಲ್ಲಿರುವ ಕಾರುಗಳ ಫಲಕ. ಸ್ವಂತ ಬಳಕೆಗೆಂದು ನೋಂದಾಯಿಸಿದ ಬಿಳಿ ಫಲಕದ ಕಾರುಗಳನ್ನೇ ಪರವಾನಗಿಯಿಲ್ಲದೆ ಬಾಡಿಗೆಗೆ ಬಿಡುವ ಕಡೆ ಸೇರಿದರೆ, ಅಪಘಾತವಾದಾಗ ವಿಮೆಯೂ ಸಂದೇಹ, ಪೊಲೀಸರ ಮುಂದೆ ನಿಲ್ಲುವವನೂ ಕೆಲಸದ ಹುಡುಗನೇ.

ಎರಡನೆಯದು, ನೇಮಕಾತಿ ಪತ್ರ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಪ್ರತಿಯೊಬ್ಬ ಕೆಲಸಗಾರನಿಗೂ ಅದನ್ನು ಕೊಡಬೇಕೆಂದು ಹೇಳುತ್ತವೆ. ಸಂಬಳ, ಪಾಳಿಯ ಗಂಟೆ, ವಾರದ ರಜೆ, ಕೆಲಸ ಬಿಡುವ ಮುನ್ಸೂಚನೆಯ ಅವಧಿ, ಇವನ್ನು ಓದಿಯೇ ಸಹಿ ಹಾಕಬೇಕು.

ಮೂರನೆಯದು, ಮೂಲ ಅಂಕಪಟ್ಟಿ. ತೋರಿಸಬಹುದು, ನಕಲು ಕೊಡಬಹುದು. ಮೂಲವನ್ನು ಒಪ್ಪಿಸಿ ಬರಬಾರದು. ಕೆಲಸ ಕೊಡಲು ಠೇವಣಿ ಕೇಳುವ ಮಧ್ಯವರ್ತಿಯ ಬಾಗಿಲಿಗಂತೂ ಹೋಗಲೇಬಾರದು.

ನಾಲ್ಕನೆಯದು, ಭವಿಷ್ಯನಿಧಿ ಮತ್ತು ಇ.ಎಸ್.ಐ. ಭವಿಷ್ಯನಿಧಿಗೆ ಸಾಮಾನ್ಯವಾಗಿ ಕೆಲಸಗಾರನ ಪಾಲು ನೂರಕ್ಕೆ 12, ಒಡೆಯನದೂ ಅಷ್ಟೇ. ಇದಕ್ಕೆ ಸಿಗುವ ಹನ್ನೆರಡು ಅಂಕಿಯ ಖಾತೆ ಸಂಖ್ಯೆ ಕಂಪೆನಿ ಬದಲಾದರೂ ಬದಲಾಗದು. ತಿಂಗಳ ವೇತನ 21,000 ರೂಪಾಯಿಯವರೆಗೆ ಇರುವವರಿಗೆ ಇ.ಎಸ್.ಐ. ಚಿಕಿತ್ಸೆ, ಅದಕ್ಕೆ ಕೆಲಸಗಾರ ನೂರಕ್ಕೆ 0.75, ಒಡೆಯ 3.25 ಕಟ್ಟುತ್ತಾರೆ. ಕಡಿತ ಮಾಡಿದ ಹಣ ಖಾತೆಗೆ ಸೇರಿದೆಯೇ ಎಂದು ತಿಂಗಳಿಗೊಮ್ಮೆ ಮೊಬೈಲಿನಲ್ಲಿಯೇ ನೋಡಬಹುದು.

ಐದನೆಯದು, ಹಾನಿಯ ಕಡಿತ. ವಸ್ತುವು ಕೆಲಸಗಾರನ ವಶಕ್ಕೆ ಒಪ್ಪಿಸಿದ್ದಾಗಿದ್ದು, ಅವನದೇ ಅಲಕ್ಷ್ಯದಿಂದ ಹಾಳಾಗಿದ್ದರೆ ಮಾತ್ರ ಸಂಬಳದಿಂದ ಹಿಡಿಯಬಹುದು. ಅದಕ್ಕೆ ಮೊದಲು ಅವನ ಸಮಜಾಯಿಷಿ ಕೇಳಬೇಕು. 1936ರ ವೇತನ ಪಾವತಿ ಕಾಯಿದೆಯಲ್ಲಿಯೇ ಇದ್ದ ಈ ರಕ್ಷಣೆ ಹೊಸ ವೇತನ ಸಂಹಿತೆಯಲ್ಲಿಯೂ ಉಳಿದಿದೆ.

ಕೊನೆಯದು, ಚಾಲನಾ ಪರವಾನಗಿ. ಊರಿನಲ್ಲಿರುವಾಗಲೇ ಕಲಿತು ಪಡೆದುಕೊಂಡು ಹೋದವನು ತೊಳೆಯುವ ಜಾಗದಿಂದ ಬೇಗ ಮೇಲೇರುತ್ತಾನೆ. ಲಘು ವಾಹನದ ಪರವಾನಗಿ ಉಳ್ಳವರು 7,500 ಕಿಲೋ ಒಳಗಿನ ಬಾಡಿಗೆ ವಾಹನವನ್ನೂ ನಡೆಸಬಹುದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟಿದೆ.

ನಮ್ಮ ಮಾತು ಇಷ್ಟೇ. ಕೈ ಕೆಸರಾದರೆ ಬಾಯಿ ಮೊಸರು ಎಂದು ನಾವೇ ಹಲಗೆಯ ಮೇಲೆ ಬರೆದು ಮಕ್ಕಳಿಂದ ಹೇಳಿಸುತ್ತೇವೆ. ಅದೇ ಮಗು ಬೆಳೆದು ಕೈ ಕೆಸರು ಮಾಡಿಕೊಂಡರೆ ಬೀಗರ ಮುಂದೆ ಮುಖ ಮುಚ್ಚಿಕೊಳ್ಳುತ್ತೇವೆ. ಬಟ್ಟೆ ಹಿಡಿದುದಕ್ಕೆ ನಾಚಬೇಕಾಗಿಲ್ಲ. ಓದು ಬಂದವನು ಓದದೆ ಸಹಿ ಹಾಕಿದರೆ ನಾಚಬೇಕು. ಆ ನಾಚಿಕೆಯಲ್ಲಿ ಅವನ ಮೇಷ್ಟರಿಗೂ ಪಾಲಿದೆ. ಈ ವರ್ಷದಿಂದ ನಮ್ಮ ಶಾಲೆಯ ಏಳನೆಯ ತರಗತಿಯಲ್ಲಿ ಶನಿವಾರದ ಕೊನೆಯ ಪಿರಿಯಡ್ಡಿನಲ್ಲಿ ಹಲಗೆಯ ಮೇಲೆ ಕಾರಿನ ಚಿತ್ರ ಬರೆದು, ಅಲ್ಲಲ್ಲಿ ಗೀರೆಳೆದು, ಮಕ್ಕಳಿಂದ ಹಾಳೆ ತುಂಬಿಸುತ್ತಿದ್ದೇವೆ. ಒಂದು ಗೀರನ್ನು ಬಿಟ್ಟು ಸಹಿ ಹಾಕಿದವರನ್ನು ಉಳಿದವರು ಹಿಡಿದುಬಿಡುತ್ತಾರೆ.

ದೀಪಾವಳಿಯ ಮರುದಿನ ಆ ತಂದೆ ಮತ್ತೆ ಸಿಕ್ಕಿದ್ದರು. ಮಗ ಕೌಂಟರಿನ ಕೆಲಸಕ್ಕೆ ಬಂದು ಆಗ ಒಂದು ತಿಂಗಳಾಗಿತ್ತು. ಬೀಗರಿಗೆ ಏನು ಹೇಳಿದಿರಿ ಎಂದು ಕೇಳಿದೆವು. "ಇದ್ದದ್ದನ್ನೇ ಹೇಳಿದೆ ಅಯ್ಯವಾರೇ. ಮೊದಲು ಕಾರು ತೊಳೀತಿದ್ದ, ಈಗ ಲೆಕ್ಕ ಬರೀತಾನೆ, ಆಳು ಕಡಿಮೆ ಬಿದ್ದರೆ ಈಗಲೂ ತೊಳೀತಾನೆ ಅಂದೆ" ಎಂದರು.