ಬಯಲಿಗೆ ಬಂದ ಮಕ್ಕಳ ಬ್ಯಾಂಡು

ಓಲಗವಿಲ್ಲದ ಮದುವೆಗೆ ಕಳೆಯಿಲ್ಲವೆಂಬುದನ್ನು ನಮ್ಮ ವಾಚಕರಿಗೆ ಹೇಳಬೇಕಾದುದಿಲ್ಲ. ಅಮೆರಿಕಾದ ಕಾಲೇಜುಗಳ ಫುಟ್‌ಬಾಲ್ ಪಂದ್ಯಕ್ಕೆ ಬ್ಯಾಂಡು ಅಷ್ಟೇ ಅವಶ್ಯವಾದುದು. ಪ್ರತಿಯೊಂದು ದೊಡ್ಡ ಕಾಲೇಜಿಗೂ ತನ್ನದೇ ಆದ ಬ್ಯಾಂಡು ಇರುವುದು. ಆದರೂ ಅಲ್ಲಿಯ ಅನೇಕ ವಿಶ್ವವಿದ್ಯಾನಿಲಯಗಳು ವರ್ಷಕ್ಕೊಂದು ದಿನ ಸುತ್ತಲಿನ ಊರುಗಳ ಹೈಸ್ಕೂಲುಗಳಿಗೆ ಕರೆ ಕಳುಹಿಸಿ, ಮಕ್ಕಳ ಬ್ಯಾಂಡುಗಳನ್ನು ತಮ್ಮ ಬಯಲಿಗೆ ಬರಮಾಡಿಕೊಳ್ಳುವ ಪದ್ಧತಿಯುಂಟು. ಇದಕ್ಕೆ ‘ಬ್ಯಾಂಡ್ ಡೇ’ ಎಂದು ಹೆಸರು. ಮಕ್ಕಳನ್ನು ಕರೆಯುವುದೆಂದರೇನು, ಕರೆದವರ ಹೊಣೆಯೇನು ಎಂಬುದನ್ನು ಈ ಪದ್ಧತಿಯಿಂದ ನಾವು ತಿಳಿದುಕೊಳ್ಳಬಹುದಾಗಿದೆ.

ಅಮೆರಿಕಾದ ಫುಟ್‌ಬಾಲು ನಾವು ಬಲ್ಲ ಕಾಲ್ಚೆಂಡಿನ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಪಂದ್ಯದ ನಡುವೆ 20 ನಿಮಿಷಗಳ ವಿರಾಮವಿರುವುದು. ಆಟಗಾರರು ಒಳಗೆ ಹೋದೊಡನೆ ಬಯಲು ಬ್ಯಾಂಡಿನವರ ವಶವಾಗುವುದು. 1907ರಲ್ಲಿ ಇಂಡಿಯಾನಾ ಸಂಸ್ಥಾನದ ಪರ್ಡ್ಯೂ ವಿಶ್ವವಿದ್ಯಾನಿಲಯದ ಬ್ಯಾಂಡಿನವರು ಸೈನಿಕರಂತೆ ಸಾಲಾಗಿ ನಡೆಯುವುದನ್ನು ಬಿಟ್ಟು, ತಮ್ಮ ಕಾಲೇಜಿನ ಹೆಸರಿನ ಮೊದಲ ಅಕ್ಷರದ ಆಕಾರದಲ್ಲಿ ಬಯಲಿನ ಮೇಲೆ ನಿಂತರು. ಅಂದಿನಿಂದ ಬಗೆಬಗೆಯ ರಚನೆಗಳು ಬೆಳೆದುಬಂದವು.

ಶಾಲೆಯ ಬ್ಯಾಂಡುಗಳು ಹೆಚ್ಚಿದುದು ಮೊದಲನೆಯ ಮಹಾಯುದ್ಧದ ತರುವಾಯ. 1921ರಲ್ಲಿ ಅಯೋವಾ ಸಂಸ್ಥಾನವು, ಊರಿನವರು ಒಪ್ಪಿದರೆ ಬ್ಯಾಂಡಿಗಾಗಿ ತೆರಿಗೆಯನ್ನೆತ್ತಬಹುದೆಂದು ಒಂದು ಕಾನೂನನ್ನೇ ಮಾಡಿತು. 1923ರಲ್ಲಿ ಶಿಕಾಗೋ ನಗರದಲ್ಲಿ ಶಾಲಾ ಬ್ಯಾಂಡುಗಳ ರಾಷ್ಟ್ರೀಯ ಸ್ಪರ್ಧೆ ನಡೆಯಿತು. ಅದರ ವೆಚ್ಚವನ್ನು ವಹಿಸಿದವರು ವಾದ್ಯಗಳನ್ನು ತಯಾರಿಸುವ ವ್ಯಾಪಾರಿಗಳು. ತಮ್ಮ ಸರಕು ಮಾರಾಟವಾಗಲೆಂಬ ಆಸೆ ಅವರಿಗಿದ್ದಿತು. ಆದರೆ ವ್ಯಾಪಾರದಿಂದ ಮೊದಲಾದುದೂ ಒಮ್ಮೊಮ್ಮೆ ವಿದ್ಯೆಗೆ ದಾರಿಯಾಗುವುದುಂಟು. ಸಣ್ಣ ಊರಿನ ಬಡಮಕ್ಕಳ ಕೈಗೂ ಶಾಲೆಯ ಮೂಲಕ ಕಹಳೆ, ಕ್ಲಾರಿಯೊನೆಟ್ಟುಗಳು ದೊರೆತವು.

ಇಂತಹ ಒಂದು ಊರು ಇಂಡಿಯಾನಾದ ಹೋಬರ್ಟ್. 1925ರಲ್ಲಿ ವಿಲಿಯಮ್ ರೆವೆಲಿ ಎಂಬ ತರುಣ ಉಪಾಧ್ಯಾಯನು ಅಲ್ಲಿಗೆ ಬಂದು, ಹತ್ತು ವರ್ಷಗಳಲ್ಲಿ ಆ ಶಾಲೆಯ ಬ್ಯಾಂಡನ್ನು ದೇಶವೇ ಕೊಂಡಾಡುವಂತೆ ಬೆಳೆಸಿದನು. 1935ರಲ್ಲಿ ಮಿಶಿಗನ್ ವಿಶ್ವವಿದ್ಯಾನಿಲಯವು ಅವನನ್ನು ತನ್ನ ಬ್ಯಾಂಡುಗಳ ನಿರ್ದೇಶಕನನ್ನಾಗಿ ಕರೆಸಿಕೊಂಡಿತು. 1971ರ ವರೆಗೂ ಅವನು ಅಲ್ಲಿಯೇ ಇದ್ದನು. ದೊಡ್ಡ ಪದವಿಗೆ ಬಂದರೂ ಅವನು ಶಾಲೆಯ ಮಕ್ಕಳನ್ನು ಮರೆಯಲಿಲ್ಲ. 1949ರಲ್ಲಿ ಆ್ಯನ್ ಆರ್ಬರಿನ ವಿಶಾಲವಾದ ಕ್ರೀಡಾಂಗಣಕ್ಕೆ ಹೈಸ್ಕೂಲು ಬ್ಯಾಂಡುಗಳನ್ನು ಕರೆಯುವ ಪದ್ಧತಿಯನ್ನು ಆರಂಭಿಸಿದನು. ಕ್ಯಾನ್ಸಸ್ ವಿಶ್ವವಿದ್ಯಾನಿಲಯದಲ್ಲಿಯೂ ಅದೇ ದಶಕದಲ್ಲಿ ಈ ಪದ್ಧತಿ ಮೊದಲಾಗಿ ಬಹುಕಾಲ ನಡೆದುಬಂದಿದೆ. ಪಂದ್ಯದ ದಿನ ಬೆಳಿಗ್ಗೆ ಮಕ್ಕಳು ಲಾರೆನ್ಸ್ ಪಟ್ಟಣದ ಪೇಟೆಬೀದಿಯಲ್ಲಿ ಮೆರವಣಿಗೆ ಹೊರಡುವುದು ಅಲ್ಲಿಯ ವಾಡಿಕೆ.

ಕರೆ ಬಂದಮೇಲೆ ನಡೆಯುವ ಕೆಲಸ ಸಾಮಾನ್ಯವಾದುದಲ್ಲ. ಎಲ್ಲರೂ ಕೂಡಿ ನುಡಿಸಬೇಕಾದ ಸ್ವರಲಿಪಿಯನ್ನು ಮುಂಚೆಯೇ ಶಾಲೆಗಳಿಗೆ ಕಳುಹಿಸುವರು. ಪ್ರತಿಯೊಂದು ಶಾಲೆಯೂ ಅದನ್ನು ತನ್ನಷ್ಟಕ್ಕೆ ಅಭ್ಯಾಸಮಾಡುವುದು. ಎಲ್ಲರೂ ಒಟ್ಟುಗೂಡುವುದು ಪಂದ್ಯದ ದಿನದ ಬೆಳಿಗ್ಗೆಯೇ. ಬಯಲಿನ ಮೇಲೆ 5 ಗಜಕ್ಕೊಂದರಂತೆ ಬಿಳಿಯ ಗೆರೆಗಳಿರುವುವು. ಗೆರೆಯಿಂದ ಗೆರೆಗೆ ಸರಿಯಾಗಿ 8 ಹೆಜ್ಜೆಗಳನ್ನಿಡುವುದು ರೂಢಿ. ಅಂದರೆ ಹೆಜ್ಜೆಗೆ 22½ ಅಂಗುಲ. ಎತ್ತರದ ಹುಡುಗನೂ ಕುಳ್ಳಗಿನ ಹುಡುಗಿಯೂ ಅಷ್ಟೇ ಅಳತೆಯ ಹೆಜ್ಜೆಯನ್ನಿಡಬೇಕು. ಸೂಸಫೋನೆಂಬ ಭಾರಿಯ ಹಿತ್ತಾಳೆಯ ವಾದ್ಯವನ್ನು ಮೈಗೆ ಸುತ್ತಿಕೊಂಡ ಬಾಲಕನಿಗೂ ಇದರಲ್ಲಿ ವಿನಾಯಿತಿಯಿಲ್ಲ.

ಇದಕ್ಕಿಂತಲೂ ಕಠಿನವಾದ ಸಂಗತಿಯೊಂದುಂಟು. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರು ಮಾತ್ರ ಸಾಗುವುದು. 100 ಗಜದ ಬಯಲಿನ ಒಂದು ತುದಿಯಲ್ಲಿ ಹೊಡೆದ ಡೋಲಿನ ಸದ್ದು ಇನ್ನೊಂದು ತುದಿಯನ್ನು ಮುಟ್ಟಲು ಕಾಲು ಸೆಕೆಂಡಿಗಿಂತ ತುಸು ಹೆಚ್ಚು ಹಿಡಿಯುವುದು. ನಿಮಿಷಕ್ಕೆ 120 ಪೆಟ್ಟುಗಳ ನಡೆಯಲ್ಲಿ ಪೆಟ್ಟಿಗೂ ಪೆಟ್ಟಿಗೂ ಅಂತರ ಅರ್ಧ ಸೆಕೆಂಡು. ಆದುದರಿಂದ ದೂರದಲ್ಲಿ ನಿಂತ ಮಗುವು ಕಿವಿಯನ್ನೇ ನಂಬಿ ನುಡಿಸಿದರೆ ಅರ್ಧ ಪೆಟ್ಟು ಹಿಂದೆ ಬೀಳುವುದು. ಸಾವಿರಾರು ಮಂದಿ ಹಾಗೆ ಮಾಡಿದರೆ ಸಂಗೀತವೆಲ್ಲ ಗದ್ದಲವಾಗುವುದು. ಎತ್ತರದ ಪೀಠದ ಮೇಲೆ ನಿಂತ ನಿರ್ದೇಶಕನ ಕೈಯನ್ನು ಕಣ್ಣಿನಿಂದ ನೋಡಿ ನುಡಿಸಬೇಕು. ಕಿವಿಗೆ ಬೇರೆ ತಾಳ ಕೇಳುತ್ತಿದ್ದರೂ ಕಣ್ಣು ಕಂಡ ತಾಳವನ್ನೇ ಹಿಡಿಯುವ ಈ ಸಂಯಮವು ದೊಡ್ಡವರಿಗೂ ಸುಲಭವಲ್ಲ. ಹದಿನಾಲ್ಕು ಹದಿನೈದು ವಯಸ್ಸಿನ ಮಕ್ಕಳು ಇದನ್ನು ಸಾಧಿಸುವರು.

ಈ ಉತ್ಸವದ ಹಿಂದೆ ಮನೆಯವರ ದುಡಿಮೆಯೂ ಇರುವುದು. ಉಡುಪಿಗೂ ಪ್ರಯಾಣಕ್ಕೂ ಬೇಕಾದ ಹಣಕ್ಕಾಗಿ ತಂದೆತಾಯಿಗಳು ಸಂಘ ಕಟ್ಟಿಕೊಂಡು ತಿಂಡಿಗಳನ್ನು ಮಾರುವರು. ಮಕ್ಕಳು ಊರಿನವರ ಕಾರುಗಳನ್ನು ತೊಳೆದು ಕಾಸು ಕೂಡಿಸುವರು. ಅಲ್ಲಿ ಹೈಸ್ಕೂಲುಗಳ ಪಂದ್ಯ ಸಾಮಾನ್ಯವಾಗಿ ಶುಕ್ರವಾರ ರಾತ್ರಿ, ಕಾಲೇಜುಗಳದು ಶನಿವಾರ. ಹಿಂದಿನ ರಾತ್ರಿ ತಮ್ಮ ಊರಿನಲ್ಲಿ ನುಡಿಸಿ ದಣಿದ ಮಕ್ಕಳು ಮರುದಿನ ನಸುಕಿನಲ್ಲಿಯೇ ಎದ್ದು ಬಸ್ಸು ಹತ್ತುವುದೂ ಉಂಟು. ಅಮೆರಿಕಾದಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿಯೂ ಈ ಗಡಿಬಿಡಿಯನ್ನು ಬಲ್ಲ ತಾಯಂದಿರಿರುವರು.

ಕರೆಯುವ ಕಾಲೇಜಿಗೆ ಇದರಲ್ಲಿ ಲಾಭವಿಲ್ಲದಿಲ್ಲ. ಮಕ್ಕಳ ಹಿಂದೆ ಬಂಧುಬಳಗವು ಬಂದು ಖಾಲಿ ಇದ್ದ ಆಸನಗಳು ತುಂಬುವುವು. ಇಂದು ಬಯಲನ್ನು ನೋಡಿ ಮೆಚ್ಚಿದ ಹುಡುಗನು ನಾಳೆ ಅದೇ ಕಾಲೇಜಿಗೆ ಸೇರಬಹುದು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಬಿಸಿಲಿನಲ್ಲಿ ದಪ್ಪ ಉಡುಪು ತೊಟ್ಟು ಗಂಟೆಗಟ್ಟಲೆ ಕಾಯುವ ಮಕ್ಕಳಿಗೆ ನೀರು, ನೆರಳು, ಹೊತ್ತಿಗೆ ಸರಿಯಾದ ಊಟ ಇಲ್ಲದಿದ್ದರೆ ಆ ಕರೆಯು ಆದರವೆನಿಸದೆ ಬಿಟ್ಟಿಯ ದುಡಿಮೆಯಾಗುವುದು.

ಕರೆಯು ಎಲ್ಲರಿಗೂ ಸಮನಾಗಿ ಬಂದಿತೆಂದೂ ಹೇಳಲಾಗದು. ವರ್ಣಭೇದದ ಕಾಲದಲ್ಲಿ ದಕ್ಷಿಣದ ಸಂಸ್ಥಾನಗಳ ನೀಗ್ರೋ ಮಕ್ಕಳು ಬಿಳಿಯರ ವಿಶ್ವವಿದ್ಯಾನಿಲಯಗಳಿಗೆ ಸೇರುವಂತಿರಲಿಲ್ಲ. ಅವರ ಕಾಲೇಜುಗಳು ಬೇರೆಯಾಗಿಯೇ ಬೆಳೆದವು. ಕ್ಯಾನ್ಸಸಿನಲ್ಲಿ ಓದಿದ ವಿಲಿಯಮ್ ಫಾಸ್ಟರ್ 1946ರಲ್ಲಿ ಫ್ಲಾರಿಡಾದ ಟ್ಯಾಲಹ್ಯಾಸಿಯಲ್ಲಿ ಅಂತಹ ಒಂದು ಕಾಲೇಜಿನ ಬ್ಯಾಂಡಿನ ಹೊಣೆಯನ್ನು ವಹಿಸಿಕೊಂಡು, ‘ಮಾರ್ಚಿಂಗ್ 100’ ಎಂಬ ಹೆಸರಿನಿಂದ ಅದನ್ನು ಲೋಕಪ್ರಸಿದ್ಧವಾಗಿ ಮಾಡಿದನು. 1989ರಲ್ಲಿ ಫ್ರಾನ್ಸಿನ ಮಹಾಕ್ರಾಂತಿಯ ದ್ವಿಶತಮಾನೋತ್ಸವದ ಮೆರವಣಿಗೆಗೆ ಪ್ಯಾರಿಸಿನಿಂದ ಕರೆ ಬಂದುದು ಈ ಬ್ಯಾಂಡಿಗೆ.

ಬ್ಯಾಂಡಿನಲ್ಲಿ ನುಡಿಸಿದ ಮಕ್ಕಳೆಲ್ಲರೂ ಸಂಗೀತಗಾರರಾಗುವುದಿಲ್ಲ. ಹೆಚ್ಚಿನವರು ಶಾಲೆ ಮುಗಿದೊಡನೆ ವಾದ್ಯವನ್ನು ಕೆಳಗಿಡುವರು. ಆದರೆ ಸಣ್ಣ ಊರಿನ ಮಗುವೊಂದು ಮಹಾಜನರ ಮುಂದೆ ನಿಂತು, ತನ್ನ ಪಾಲಿನ ಸ್ವರವನ್ನು ತಪ್ಪಿಲ್ಲದೆ ನುಡಿಸಿ ಬಂದ ನೆನಪು ಬಾಳಿನುದ್ದಕ್ಕೂ ಉಳಿಯುವುದು. ನಮ್ಮ ಊರುಗಳ ಕಾಲೇಜುಗಳಲ್ಲಿಯೂ ವಾರ್ಷಿಕೋತ್ಸವಗಳು ನಡೆಯುತ್ತವೆ. ಹತ್ತಿರದ ಶಾಲೆಗಳಲ್ಲಿ ಹಾಡುವ, ಬಾರಿಸುವ ಮಕ್ಕಳಿದ್ದಾರೆ. ಹಿರಿಯರು ಅವರಿಗೊಂದು ಕರೆಯೋಲೆ ಕಳುಹಿಸಿ, ಬಂದವರಿಗೆ ಮೊದಲು ಊಟವಿಟ್ಟು, ಆಮೇಲೆ ವೇದಿಕೆಯನ್ನು ಬಿಟ್ಟುಕೊಡಲೆಂಬುದೇ ನಮ್ಮ ಬಿನ್ನಹ.