ಓಡುವ ನಾಯಿಗೂ ಕೀಲುನೋವು: ನಂಬಿದ್ದು ಏನು, ನಿಜ ಏನು

ನಾಲ್ಕೈದು ವರ್ಷದ ಲ್ಯಾಬ್ರಡಾರ್. ಗೇಟು ತೆರೆದರೆ ಸಾಕು, ಬೀದಿಯ ತುದಿ ಮುಟ್ಟಿ ಬರುವ ಹುರುಪು. ಆದರೆ ಬೆಳಿಗ್ಗೆ ಎದ್ದಾಗ ಹಿಂಗಾಲು ಸ್ವಲ್ಪ ಬಿಗಿ. ಹತ್ತು ಹೆಜ್ಜೆ ನಡೆದ ಮೇಲೆ ಸರಿಹೋಗುತ್ತದೆ. ಒಂದೇ ನೆಗೆತಕ್ಕೆ ಕಾರು ಹತ್ತುತ್ತಿದ್ದದ್ದು ಈಗ ಮುಂಗಾಲನ್ನು ಸೀಟಿನ ಮೇಲಿಟ್ಟು ಯಾರಾದರೂ ಎತ್ತಲಿ ಎಂದು ಕಾಯುತ್ತದೆ. ‘ಸೋಮಾರಿ ಆಗ್ಬಿಟ್ಟಿದಾನೆ’ ಎಂದು ಮನೆಯವರು ನಗುತ್ತಾರೆ. ನಾಯಿಯ ಸಂಧಿವಾತ ಹೆಚ್ಚಾಗಿ ಶುರುವಾಗುವುದು ಹೀಗೆಯೇ, ಯಾರಿಗೂ ಕಾಯಿಲೆ ಎನ್ನಿಸದ ಹಾಗೆ.

ಇದನ್ನು ಪೂರ್ತಿ ವಾಸಿ ಮಾಡುವ ಔಷಧ ಇಲ್ಲ. ಸವೆದ ಮೃದ್ವಸ್ಥಿ ಮತ್ತೆ ಮೊದಲಿನಂತೆ ಆಗುವುದಿಲ್ಲ. ಆದರೆ ಆರಂಭದಲ್ಲೇ ಗುರುತಿಸಿದರೆ ನೋವನ್ನು ಹತೋಟಿಯಲ್ಲಿಡಬಹುದು, ಮಾಂಸಖಂಡದ ಬಲ ಕುಗ್ಗದಂತೆ ನೋಡಿಕೊಳ್ಳಬಹುದು, ನಾಯಿ ಇನ್ನೂ ಹಲವು ವರ್ಷ ಓಡಾಡಿಕೊಂಡಿರಬಹುದು. ಇದರಲ್ಲಿ ಬಹುಪಾಲು ಕೆಲಸ ನಡೆಯುವುದು ಮನೆಯಲ್ಲಿ. ಅದಕ್ಕೆ ಅಡ್ಡ ಬರುತ್ತಿರುವುದು ಪ್ರೀತಿಯಿಂದಲೇ ಹುಟ್ಟಿದ ಕೆಲವು ತಪ್ಪು ಕಲ್ಪನೆಗಳು.

ತಪ್ಪು ಕಲ್ಪನೆ 1: ಸಂಧಿವಾತ ಮುದಿ ನಾಯಿಗಳ ಕಾಯಿಲೆ.

ಸತ್ಯ: ವಯಸ್ಸಾದಂತೆ ಇದು ಎದ್ದು ಕಾಣುತ್ತದೆ, ನಿಜ. ಆದರೆ ಬೇರು ಇರುವುದು ಬಹಳ ಸಲ ಮರಿಯ ವಯಸ್ಸಿನಲ್ಲಿ. ನಾಯಿಗಳಲ್ಲಿ ಸಂಧಿವಾತ ಸಾಮಾನ್ಯವಾಗಿ ಇನ್ನೊಂದು ತೊಂದರೆಯ ಬೆನ್ನಿಗೇ ಬರುತ್ತದೆ. ತೊಡೆಮೂಳೆಯ ತಲೆ ಸೊಂಟದ ಕುಳಿಯಲ್ಲಿ ಸರಿಯಾಗಿ ಕೂರದೆ ಸಡಿಲವಾಗಿರುವ ಹಿಪ್ ಡಿಸ್‌ಪ್ಲೇಸಿಯಾ ಇದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಗೋಲ್ಡನ್ ರಿಟ್ರೀವರ್, ರಾಟ್‌ವೀಲರ್‌ನಂಥ ದೊಡ್ಡ ತಳಿಗಳಲ್ಲಿ ಅದು ವಂಶಪಾರಂಪರ್ಯವಾಗಿ ಬರುತ್ತದೆ. ಈ ತಳಿಗಳ ಮುಂಗಾಲಿನ ಮೊಣಕೈ ಕೀಲಿನಲ್ಲೂ ಇಂಥದೇ ದೋಷ ಇರಬಹುದು. ಪೊಮೇರಿಯನ್‌ನಂಥ ಪುಟ್ಟ ತಳಿಗಳಲ್ಲಿ ಮಂಡಿಚಿಪ್ಪು ಜಾರುತ್ತದೆ. ಇನ್ನು ಮಂಡಿಯೊಳಗಿನ ಕ್ರೂಸಿಯೇಟ್ ಅಸ್ಥಿರಜ್ಜು ಸ್ವಲ್ಪ ಸ್ವಲ್ಪವೇ ಹರಿದುಹೋಗುವ ತೊಂದರೆಯಂತೂ ಎಲ್ಲ ಗಾತ್ರದ ನಾಯಿಗಳಲ್ಲೂ ಉಂಟು. ಹೀಗಾಗಿ ವರ್ಷ ತುಂಬದ ನಾಯಿಯಲ್ಲೂ ಸಂಧಿವಾತ ಕಾಣಿಸಿಕೊಳ್ಳಬಹುದು. ‘ಇನ್ನೂ ಚಿಕ್ಕದು, ಎಲ್ಲೋ ಉಳುಕಿರಬೇಕು’ ಎಂದು ತಿಂಗಳುಗಟ್ಟಲೆ ಕಾಯಬೇಡಿ.

ತಪ್ಪು ಕಲ್ಪನೆ 2: ನೋವಿದ್ದರೆ ನಾಯಿ ಕುಂಯ್‌ಗುಡುತ್ತದೆ. ಚೆಂಡಿನ ಹಿಂದೆ ಓಡುತ್ತಿದೆ ಎಂದರೆ ನೋವಿಲ್ಲ.

ಸತ್ಯ: ತಟ್ಟನೆ ಆದ ಪೆಟ್ಟಿಗೆ ನಾಯಿ ಕೂಗುತ್ತದೆ. ದಿನವೂ ಒಳಗೊಳಗೇ ಇರುವ ಮಂದ ನೋವಿಗೆ ಕೂಗುವ ನಾಯಿ ಅಪರೂಪ. ಆಟದ ಉತ್ಸಾಹದಲ್ಲಿ ಅದು ನೋವನ್ನು ಮರೆಯುತ್ತದೆ. ಅದರ ಬೆಲೆ ಗೊತ್ತಾಗುವುದು ಆಮೇಲೆ, ಒಂದು ಗಂಟೆ ಮಲಗಿ ಏಳುವಾಗ. ಆದ್ದರಿಂದ ನೋಡಬೇಕಾದದ್ದು ಆಟದ ಹೊತ್ತನ್ನಲ್ಲ, ವಿಶ್ರಾಂತಿಯ ನಂತರದ ಹೊತ್ತನ್ನು.

ಎದ್ದ ಕೂಡಲೇ ಕಾಲು ಬಿಗಿಯಾಗಿದ್ದು ನಡೆದಂತೆ ಸಡಿಲವಾಗುವುದು. ಮೆಟ್ಟಿಲು ಇಳಿಯಲು ಹಿಂಜರಿಯುವುದು. ಓಡುವಾಗ ಎರಡೂ ಹಿಂಗಾಲನ್ನು ಜೋಡಿಸಿ ಕುಪ್ಪಳಿಸುವುದು. ಕೂರುವಾಗ ಒಂದು ಕಾಲನ್ನು ಪಕ್ಕಕ್ಕೆ ಚಾಚುವುದು. ಒಂದೇ ಕೀಲನ್ನು ಮತ್ತೆ ಮತ್ತೆ ನೆಕ್ಕುವುದು. ಸೊಂಟ ಸವರಿದರೆ ಸರಿದುಹೋಗುವುದು. ಮಕ್ಕಳೊಂದಿಗೆ ಚೆನ್ನಾಗಿದ್ದ ನಾಯಿ ಈಗ ಗುರುಗುಟ್ಟುವುದು. ಇವೆಲ್ಲ ನೋವಿನ ಗುರುತುಗಳಾಗಿರಬಹುದು. ನಾಯಿ ಏಳುವುದು, ನಡೆಯುವುದು, ಮೆಟ್ಟಿಲು ಹತ್ತುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಆಸ್ಪತ್ರೆಯ ಗಾಬರಿಯಲ್ಲಿ ಎಷ್ಟೋ ನಾಯಿಗಳು ಕುಂಟುವುದನ್ನೇ ನಿಲ್ಲಿಸುತ್ತವೆ. ಆಗ ವೈದ್ಯರಿಗೆ ನಿಜ ತೋರಿಸುವುದು ಆ ವಿಡಿಯೊ.

ತಪ್ಪು ಕಲ್ಪನೆ 3: ಮೈ ತುಂಬಿಕೊಂಡ ನಾಯಿಯೇ ಆರೋಗ್ಯವಂತ ನಾಯಿ.

ಸತ್ಯ: ಕೀಲುನೋವಿನ ಮಟ್ಟಿಗೆ ಇದಕ್ಕಿಂತ ಹಾನಿಕಾರಕ ನಂಬಿಕೆ ಇನ್ನೊಂದಿಲ್ಲ. ಅಮೆರಿಕದಲ್ಲಿ ಪ್ಯೂರಿನಾ ಸಂಸ್ಥೆಯ ಸಂಶೋಧಕರು 48 ಲ್ಯಾಬ್ರಡಾರ್ ಮರಿಗಳನ್ನು ಅವುಗಳ ಬದುಕಿನುದ್ದಕ್ಕೂ ಗಮನಿಸಿದರು. ಒಂದೇ ಸೂಲಿನ ಮರಿಗಳನ್ನು ಜೋಡಿ ಮಾಡಿ, ಜೋಡಿಯಲ್ಲಿ ಒಂದಕ್ಕೆ ಇನ್ನೊಂದು ತಿನ್ನುವುದಕ್ಕಿಂತ ಶೇ 25ರಷ್ಟು ಕಡಿಮೆ ಕೊಟ್ಟರು. ಆಹಾರ ಒಂದೇ, ಅಳತೆ ಮಾತ್ರ ಬೇರೆ. 2002ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹೆಚ್ಚು ತಿಂದ ಗುಂಪಿನ ಮಧ್ಯಾಂಕ ಆಯುಷ್ಯ 11.2 ವರ್ಷ, ಕಡಿಮೆ ತಿಂದ ಗುಂಪಿನದು 13 ವರ್ಷ. ಸೊಂಟದ ಕೀಲಿನ ಸಂಧಿವಾತ ಎಕ್ಸ್‌ರೇಯಲ್ಲಿ ಕಾಣಿಸಿಕೊಂಡ ಮಧ್ಯಾಂಕ ವಯಸ್ಸು ಮೊದಲ ಗುಂಪಿನಲ್ಲಿ 6 ವರ್ಷವಾದರೆ, ಎರಡನೆಯದರಲ್ಲಿ 12. ತಟ್ಟೆಯ ಅಳತೆಯೊಂದೇ ಆರು ವರ್ಷ ಮುಂದೂಡಿತು.

ಕೊಬ್ಬು ಬರೀ ಹೊರೆಯಲ್ಲ. ಅದು ಉರಿಯೂತ ಹೆಚ್ಚಿಸುವ ರಾಸಾಯನಿಕಗಳನ್ನೂ ಒಸರುತ್ತದೆ. ಆದ್ದರಿಂದ ಈಗಾಗಲೇ ಕುಂಟುತ್ತಿರುವ ದಪ್ಪ ನಾಯಿ ತೂಕದ ಶೇ 6ರಿಂದ 9ರಷ್ಟು ಇಳಿಸಿದರೂ ನಡಿಗೆ ಕಣ್ಣಿಗೆ ಕಾಣುವಷ್ಟು ಸುಧಾರಿಸುತ್ತದೆ. 35 ಕಿಲೊ ತೂಗುವ ನಾಯಿಗೆ ಅದು ಎರಡರಿಂದ ಮೂರು ಕಿಲೊ ಅಷ್ಟೆ.

ಪರೀಕ್ಷೆ ಸುಲಭ. ಕೈಯನ್ನು ಚಪ್ಪಟೆಯಾಗಿ ಚಾಚಿ, ಅಂಗೈ ಹಿಂಬದಿಯ ಗೆಣ್ಣುಗಳ ಮೇಲೆ ಬೆರಳಾಡಿಸಿ. ನಾಯಿಯ ಪಕ್ಕೆಲುಬು ಸವರಿದಾಗ ಹಾಗೆಯೇ ಸಿಗಬೇಕು. ಒತ್ತಿ ಹುಡುಕಬೇಕಾದರೆ ತೂಕ ಹೆಚ್ಚಾಗಿದೆ. ಮೇಲಿನಿಂದ ನೋಡಿದರೆ ಸೊಂಟ ಒಳಸರಿದಿರಬೇಕು, ಪಕ್ಕದಿಂದ ನೋಡಿದರೆ ಹೊಟ್ಟೆ ಮೇಲೆದ್ದಿರಬೇಕು. ನಮ್ಮ ಮುಧೋಳ ನಾಯಿಗಂತೂ ಪಕ್ಕೆಲುಬು ಕಾಣುವುದು ತಳಿಯ ಸಹಜ ಲಕ್ಷಣ. ಅದನ್ನು ‘ಹೊಟ್ಟೆಗಿಲ್ಲದ ನಾಯಿ’ ಎಂದು ಮರುಗಿ ದಪ್ಪ ಮಾಡಿದರೆ ಅದರ ಓಟಕ್ಕೇ ಕುತ್ತು.

ತೂಕ ಕೂಡುವುದು ಊಟಕ್ಕಿಂತ ಹೆಚ್ಚಾಗಿ ಲೆಕ್ಕಕ್ಕೆ ಸಿಗದ ತಿನಿಸಿನಿಂದ. ಅಜ್ಜನ ಟೀ ಜೊತೆ ಬಿಸ್ಕತ್ತು, ಮಕ್ಕಳ ತಟ್ಟೆಯಿಂದ ಚಪಾತಿ, ಉಳಿದ ಹಾಲು ಅನ್ನ. ಮನೆಯವರೆಲ್ಲ ಸೇರಿ ಒಂದು ಡಬ್ಬಿಗೆ ದಿನದ ಆಹಾರ ಅಳೆದು ಹಾಕಿ, ಯಾರು ಏನು ಕೊಟ್ಟರೂ ಅದರಿಂದಲೇ ಕೊಡುವ ನಿಯಮ ಮಾಡಿಕೊಳ್ಳಿ. ವಾರಕ್ಕೆ ಮೈತೂಕದ ಶೇ 1ರಿಂದ 2ರಷ್ಟು ಇಳಿದರೆ ಸಾಕು. ಉಪವಾಸ ಕೆಡವಬೇಡಿ.

ತಪ್ಪು ಕಲ್ಪನೆ 4: ಕೀಲುನೋವಿನ ನಾಯಿಯನ್ನು ಓಡಾಡಿಸಬಾರದು.

ಸತ್ಯ: ಕಟ್ಟಿಹಾಕಿದರೆ ಮಾಂಸಖಂಡ ಕರಗುತ್ತದೆ, ತೂಕ ಏರುತ್ತದೆ, ಕೀಲು ಇನ್ನಷ್ಟು ಬಿಗಿಯುತ್ತದೆ. ಕೀಲಿಗೆ ಆಧಾರ ಕೊಡುವುದು ಸುತ್ತಲಿನ ಮಾಂಸಖಂಡ. ಮೃದ್ವಸ್ಥಿಗೆ ಪೋಷಣೆ ಸಿಗುವುದೂ ಕೀಲು ಆಡಿದಾಗಲೇ. ಹಾಗೆಂದು ವಾರವಿಡೀ ಅಪಾರ್ಟ್‌ಮೆಂಟಿನಲ್ಲಿ ಮಲಗಿಸಿ ಭಾನುವಾರ ಬೆಟ್ಟ ಹತ್ತಿಸುವುದೂ ತಪ್ಪು. ಬೇಕಾದದ್ದು ದಿನವೂ ಒಂದೇ ಅಳತೆಯ ನಡಿಗೆ.

ಒಂದು ಗಂಟೆಯ ಒಂದು ವಾಕಿಂಗ್ ಬದಲು 15–20 ನಿಮಿಷದ ಎರಡು ಮೂರು ವಾಕಿಂಗ್ ಮಾಡಿಸಿ. ಮೊದಲ ಐದು ನಿಮಿಷ ಬೆಲ್ಟ್ ಹಿಡಿದು ನಿಧಾನವಾಗಿ ನಡೆಸಿ. ಆದಷ್ಟೂ ಮಣ್ಣಿನ ನೆಲ, ಹುಲ್ಲಿನ ನೆಲ ಆರಿಸಿ. ಮರುದಿನ ಬೆಳಿಗ್ಗೆ ಬಿಗಿತ ಹೆಚ್ಚಿದ್ದರೆ ಹಿಂದಿನ ದಿನ ಅತಿಯಾಯಿತು ಎಂದು ತಿಳಿದು ಇಳಿಸಿ. ಒಂದೆರಡು ವಾರ ಆರಾಮವಾಗಿದ್ದರೆ ಸ್ವಲ್ಪ ಏರಿಸಿ. ಚೆಂಡು ಎಸೆದು ಹಿಡಿಸುವ ಆಟದಲ್ಲಿ ನಾಯಿ ಪೂರಾ ವೇಗದಿಂದ ಬಂದು ತಟ್ಟನೆ ನಿಲ್ಲುತ್ತದೆ, ತಿರುಚಿ ತಿರುಗುತ್ತದೆ, ಗಾಳಿಯಲ್ಲಿ ನೆಗೆದು ಹಿಂಗಾಲ ಮೇಲೆ ಇಳಿಯುತ್ತದೆ. ನೊಂದ ಕೀಲಿಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಚುರುಕು ನಾಯಿಗೆ ಆಟ ಬೇಕೇ ಬೇಕು. ತಿನಿಸನ್ನು ಮನೆಯ ಮೂಲೆಗಳಲ್ಲಿ ಬಚ್ಚಿಟ್ಟು ಮೂಸಿ ಹುಡುಕಲು ಬಿಡಿ. ಕೀಲು ದಣಿಯದೆ ಮನಸ್ಸು ದಣಿಯುತ್ತದೆ.

ಈಜು ಒಳ್ಳೆಯ ವ್ಯಾಯಾಮ, ನೀರು ಮೈಭಾರ ಹೊರುತ್ತದೆ. ಆದರೆ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಕ್ಕೆ ಎಂದೂ ಬಿಡಬೇಡಿ. ಜಾರುವ ಅಂಚನ್ನು ಹತ್ತಲಾಗದೆ ನಾಯಿಗಳು ಮುಳುಗಿ ಸಾಯುತ್ತವೆ.

ಮನೆಯ ನೆಲವನ್ನೂ ಒಮ್ಮೆ ನೋಡಿ. ಟೈಲ್ಸ್, ಗ್ರಾನೈಟ್ ನೆಲದಲ್ಲಿ ನಾಯಿ ಪ್ರತಿ ಹೆಜ್ಜೆಗೂ ಜಾರದಂತೆ ಕಾಲು ಬಿಗಿಹಿಡಿಯಬೇಕು. ಅದು ಓಡಾಡುವ ದಾರಿಗೆ, ಊಟದ ತಟ್ಟೆಯ ಮುಂದೆ, ಮೆಟ್ಟಿಲ ಬುಡಕ್ಕೆ ಜಾರದ ಮ್ಯಾಟ್ ಹಾಕಿ. ಉಗುರು ಕತ್ತರಿಸಿ, ಪಾದದಡಿಯ ಕೂದಲು ತೆಗೆಸಿ. ಚಳಿಯಲ್ಲಿ, ಮಲೆನಾಡಿನ ಮಳೆಗಾಲದಲ್ಲಿ ತಣ್ಣನೆ ನೆಲಕ್ಕೆ ಬಿಡದೆ ದಪ್ಪ ಕೌದಿ ಅಥವಾ ಫೋಮಿನ ಹಾಸಿಗೆ ಕೊಡಿ.

ತಪ್ಪು ಕಲ್ಪನೆ 5: ನಾವು ನುಂಗುವ ನೋವಿನ ಮಾತ್ರೆಯನ್ನೇ ಅರ್ಧ ಮಾಡಿ ಕೊಡಬಹುದು.

ಸತ್ಯ: ಕೊಡಲೇಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್, ನ್ಯಾಪ್ರೊಕ್ಸೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ ಉಂಟುಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಅಳತೆ ಮೀರಿದರೆ ಯಕೃತ್ತಿಗೆ, ಕೆಂಪು ರಕ್ತಕಣಗಳಿಗೆ ಅಪಾಯ; ಮನೆಯಲ್ಲಿ ಬೆಕ್ಕಿದ್ದರೆ ಅದಕ್ಕಂತೂ ಸ್ವಲ್ಪವೇ ಸಾಕು ಪ್ರಾಣ ತೆಗೆಯಲು. ಒಂದು ಜೀವಿಗೆ ಔಷಧವಾದದ್ದು ಇನ್ನೊಂದಕ್ಕೆ ವಿಷ ಎಂಬುದನ್ನು ನಮ್ಮ ದೇಶ ದುಬಾರಿ ಬೆಲೆ ತೆತ್ತು ಕಲಿತಿದೆ. ದನಗಳಿಗೆ ಕೊಟ್ಟ ಡೈಕ್ಲೊಫೆನಾಕ್ ಅವುಗಳ ಕಳೇಬರ ತಿಂದ ರಣಹದ್ದುಗಳ ಮೂತ್ರಪಿಂಡ ಹಾಳುಮಾಡಿ ಸಂತತಿಯನ್ನೇ ಅಳಿಸುತ್ತ ಬಂದಾಗ, 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಬೇಕಾಯಿತು.

ಅಳತೆಯ ಅಪಾಯವೂ ಚಿಕ್ಕದಲ್ಲ. ಮೆಲಾಕ್ಸಿಕಾಮ್ ಅನ್ನು ಪಶುವೈದ್ಯರೂ ಬರೆಯುತ್ತಾರೆ. ಆದರೆ 10 ಕಿಲೊ ನಾಯಿಗೆ ಮೊದಲ ದಿನದ ನಂತರ ದಿನಕ್ಕೆ ಬೇಕಾಗುವುದು ಸುಮಾರು 1 ಮಿಲಿಗ್ರಾಂ. ಮೆಡಿಕಲ್ ಶಾಪಿನಲ್ಲಿ ನಮಗೆ ಸಿಗುವ ಮಾತ್ರೆ 7.5 ಅಥವಾ 15 ಮಿಲಿಗ್ರಾಂ! ಅರ್ಧ ಮಾಡಿದರೂ ಹಲವು ಪಟ್ಟು ಹೆಚ್ಚು.

ಕಾರ್ಪ್ರೊಫೆನ್, ಫಿರೊಕಾಕ್ಸಿಬ್‌ನಂಥ ನಾಯಿಗಳಿಗೆಂದೇ ಇರುವ ಔಷಧಗಳಿವೆ. ದೀರ್ಘಕಾಲ ಕೊಡುವ ಮುನ್ನ ಯಕೃತ್ತು, ಮೂತ್ರಪಿಂಡಗಳ ರಕ್ತಪರೀಕ್ಷೆ ಮಾಡಿಸಿ, ಆಗಾಗ ಮತ್ತೆ ನೋಡಿಸಬೇಕು. ಸ್ಟಿರಾಯ್ಡ್ ಕೊಡುತ್ತಿದ್ದರೆ ಈ ಮಾತ್ರೆಗಳನ್ನು ಜೊತೆಗೆ ಕೊಡಬಾರದು. ವಾಂತಿ, ಕಪ್ಪು ಮಲ, ಊಟ ಬಿಡುವುದು ಕಂಡರೆ ಮಾತ್ರೆ ನಿಲ್ಲಿಸಿ ವೈದ್ಯರಿಗೆ ಫೋನ್ ಮಾಡಿ. ನೋವಿನ ಮುಲಾಮು, ಕರ್ಪೂರದೆಣ್ಣೆ, ನೀಲಗಿರಿ ಎಣ್ಣೆಯನ್ನೂ ಹಚ್ಚಬೇಡಿ. ಹಚ್ಚಿದ್ದನ್ನು ನಾಯಿ ನೆಕ್ಕಿಯೇ ನೆಕ್ಕುತ್ತದೆ.

ತಪ್ಪು ಕಲ್ಪನೆ 6: ಕ್ಯಾಲ್ಸಿಯಂ ಟಾನಿಕ್ ಕೊಟ್ಟರೆ ಕೀಲು ಗಟ್ಟಿಯಾಗುತ್ತದೆ.

ಸತ್ಯ: ಸಂಧಿವಾತ ಕ್ಯಾಲ್ಸಿಯಂ ಕೊರತೆಯಿಂದ ಬರುವುದಿಲ್ಲ, ಕ್ಯಾಲ್ಸಿಯಂನಿಂದ ಹೋಗುವುದೂ ಇಲ್ಲ. ದೊಡ್ಡ ತಳಿಯ ಮರಿಗಳಲ್ಲಂತೂ ಅದು ತಿರುಗುಬಾಣ. ಎಳೆಯ ಮರಿಗಳಿಗೆ ಹೆಚ್ಚಾದ ಕ್ಯಾಲ್ಸಿಯಂ ಹೀರಿಕೊಳ್ಳದೆ ತಡೆಯುವ ಶಕ್ತಿ ಇರುವುದಿಲ್ಲ. ಮೂಳೆಯ ಬೆಳವಣಿಗೆಯೇ ತಪ್ಪುತ್ತದೆ. ಮರಿಗಳ ಸಮತೋಲಿತ ಆಹಾರ ಕೊಡುತ್ತಿದ್ದರೆ ಅದರ ಮೇಲೆ ಟಾನಿಕ್ ಬೇಡ.

ಗ್ಲುಕೋಸಮೈನ್–ಕಾಂಡ್ರಾಯ್ಟಿನ್ ಮಾತ್ರೆಗಳು ಎಲ್ಲ ಪೆಟ್ ಶಾಪಿನಲ್ಲೂ ಸಿಗುತ್ತವೆ. ಲಭ್ಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದ 2022ರ ವಿಮರ್ಶೆಯಲ್ಲಿ ಇವು ನೋವು ತಗ್ಗಿಸುತ್ತವೆ ಎನ್ನಲು ಆಧಾರ ಸಿಗಲಿಲ್ಲ. ಒಮೆಗಾ–3ಗೆ ಸಿಕ್ಕಿತು. ಆದರೆ ಅದು ಮೀನೆಣ್ಣೆಯ ಒಮೆಗಾ–3. ಅಗಸೆ ಎಣ್ಣೆಯಲ್ಲಿರುವುದನ್ನು ನಾಯಿಯ ಮೈ ಬೇಕಾದ ರೂಪಕ್ಕೆ ಪರಿವರ್ತಿಸಿಕೊಳ್ಳುವುದು ಬಹಳ ಕಡಿಮೆ. ಮೀನೆಣ್ಣೆಯಲ್ಲೂ ಕೊಬ್ಬಿನ ಶಕ್ತಿ ಇದೆ, ಹೆಚ್ಚಾದರೆ ಭೇದಿ. ಅಳತೆ ವೈದ್ಯರಿಂದಲೇ ತಿಳಿಯಿರಿ. ಚಿಕಿತ್ಸೆಗೆ ಬದಲಾಗಿ ಅರಿಶಿನವನ್ನು ನಂಬಿ ಕೂತರೆ ಕಳೆದುಹೋಗುವುದು ಅಮೂಲ್ಯವಾದ ಸಮಯ.

ತಪ್ಪು ಕಲ್ಪನೆ 7: ಕುಂಟಿದರೆ ಅದು ಸಂಧಿವಾತವೇ. ಎಕ್ಸ್‌ರೇ ತೆಗೆದರೆ ಎಲ್ಲ ಗೊತ್ತಾಗುತ್ತದೆ.

ಸತ್ಯ: ಎರಡೂ ಅರ್ಧಸತ್ಯ. ಇಂದು ಒಂದು ಕಾಲು, ನಾಳೆ ಇನ್ನೊಂದು ಕಾಲು ಕುಂಟುತ್ತ, ಜೊತೆಗೆ ಜ್ವರ, ಮಂಕು, ಊಟ ಬಿಡುವುದು ಇದ್ದರೆ ಅದು ಉಣ್ಣೆಯಿಂದ ಹರಡುವ ಟಿಕ್ ಫೀವರ್ ಇರಬಹುದು. ಎರ್ಲಿಕಿಯಾದಂಥ ರೋಗಾಣುಗಳು ಹಲವು ಕೀಲುಗಳನ್ನು ಒಟ್ಟಿಗೆ ಊದಿಸುತ್ತವೆ. ಅದಕ್ಕೆ ರಕ್ತಪರೀಕ್ಷೆ ಬೇಕು, ಚಿಕಿತ್ಸೆಯೇ ಬೇರೆ. ಉಣ್ಣೆ ಕಾಟ ವರ್ಷವಿಡೀ ಇರುವ ನಮ್ಮ ಊರುಗಳಲ್ಲಿ ಇದನ್ನು ಮರೆಯುವಂತಿಲ್ಲ. ದೊಡ್ಡ ತಳಿಯ ನಾಯಿಯ ಒಂದೇ ಕಾಲಿನ ಮೂಳೆ ಊದಿಕೊಂಡು ನೋವು ದಿನದಿನಕ್ಕೆ ಏರುತ್ತಿದ್ದರೆ ಮೂಳೆಯ ಕ್ಯಾನ್ಸರ್ ಅಲ್ಲವೆಂದೂ ಖಚಿತ ಮಾಡಿಕೊಳ್ಳಬೇಕು.

ಎಕ್ಸ್‌ರೇ ತೋರಿಸುವುದು ಮೂಳೆಯನ್ನು, ನೋವನ್ನಲ್ಲ. ಆರಂಭದ ಸಂಧಿವಾತದಲ್ಲಿ ಎಕ್ಸ್‌ರೇ ಬಹುತೇಕ ಸಹಜವಾಗಿ ಕಾಣಬಹುದು. ಕೀಲು ಕೆಟ್ಟಂತೆ ಕಂಡ ನಾಯಿ ಆರಾಮವಾಗಿ ಓಡಾಡುತ್ತಿರಬಹುದು. ವೈದ್ಯರು ಕೈಯಿಂದ ಕೀಲು ಮಡಚಿ ನೋಡುವುದು, ನಡಿಗೆ ಗಮನಿಸುವುದು, ನೀವು ಹೇಳುವ ದಿನಚರಿ ಮೂರೂ ಸೇರಿದಾಗಲೇ ನಿಜ ಚಿತ್ರ ಸಿಗುವುದು. ಹತ್ತಿರದಲ್ಲಿ ಅನುಕೂಲವಿಲ್ಲದವರಿಗೆ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ.

ಈ ವಾರವೇ ಮಾಡಬಹುದಾದದ್ದು

ನಾಯಿಯನ್ನು ತೂಕ ಮಾಡಿ ಬರೆದಿಡಿ. ಬೆಳಗಿನ ನಡಿಗೆಯ ವಿಡಿಯೊ ತೆಗೆಯಿರಿ. ಜಾರುವ ಜಾಗಕ್ಕೆ ಮ್ಯಾಟ್ ಹಾಕಿ, ಚೆಂಡಿನಾಟ ನಿಲ್ಲಿಸಿ, ಬಿಸ್ಕತ್ತಿನ ಡಬ್ಬಿಯನ್ನು ಅಟ್ಟಕ್ಕೆ ಹಾಕಿ. ಬಿಗಿತ ಎರಡು ವಾರಕ್ಕಿಂತ ಹೆಚ್ಚು ಕಂಡರೆ ಪಶುವೈದ್ಯರಲ್ಲಿಗೆ ಹೋಗಿ. ಕಾಲು ನೆಲಕ್ಕೇ ಊರದಿದ್ದರೆ, ಜ್ವರವಿದ್ದರೆ, ಕೀಲು ಊದಿದ್ದರೆ ಅಂದೇ ಹೊರಡಿ. ನಮ್ಮ ನಾಯಿ ತನ್ನ ನೋವನ್ನು ಹೇಳಿಕೊಳ್ಳಲಾರದು. ಕೀಲು ಇನ್ನೂ ಬಲವಾಗಿರುವಾಗಲೇ ಅದನ್ನು ಗಮನಿಸಿ ಕೆಲಸಕ್ಕಿಳಿಯುವ ಹೊಣೆ ನಮ್ಮದು.